ಕೆಂಪು ಬೊಟ್ಟು ಹೇಳುವ ಮಾತು: ಕೊಕ್ಕರೆ ರೋಗ ಮತ್ತು ಕೋಳಿಯ ರಕ್ತ ಪರೀಕ್ಷೆ

ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ರಾಗಿಯ ಕ್ಷೇತ್ರೋತ್ಸವ ಮುಗಿಸಿ ಹೊರಟಿದ್ದಾಗ ರೈತ ಮಹಿಳೆಯೊಬ್ಬರು ದಾರಿಗೆ ಅಡ್ಡಬಂದರು. ಅವರ ಮನೆಯಲ್ಲಿ 14 ನಾಟಿ ಕೋಳಿಗಳಿದ್ದವು. ಒಂದು ವಾರದಲ್ಲಿ 11 ಸತ್ತಿದ್ದವು. "ಲಸಿಕೆ ಹಾಕಿಸಿದ್ದೆ ಸಾರ್, ಆದರೂ ಹೋದವು. ಇನ್ನು ಮೇಲೆ ಯಾಕೆ ಹಾಕಿಸಬೇಕು ಹೇಳಿ" ಎಂದು ಕೇಳಿದರು. ಹಿತ್ತಲ ಕೋಳಿಯೆಂದರೆ ಮಗುವಿಗೆ ಮೊಟ್ಟೆ, ಹಬ್ಬಕ್ಕೆ ಸಾರು, ಸಂತೆಯ ದಿನ ಕೈಖರ್ಚಿಗೆ ಕಾಸು. ಅದು ಹೋದ ಮೇಲೆ ಕೇಳುವ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಾನು ಬೇಸಾಯಶಾಸ್ತ್ರದವನು, ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಊರಿಗೆ ಮರಳಿ ಪಶುವೈದ್ಯ ಮಿತ್ರರನ್ನು ಕೇಳಿದೆ. ಅವರು ನನ್ನನ್ನು ಪ್ರಯೋಗಶಾಲೆಗೆ ಕರೆದೊಯ್ದು ಒಂದು ತಟ್ಟೆಯನ್ನು ತೋರಿಸಿದರು. ಆ ತಟ್ಟೆಯಲ್ಲಿ ಕಂಡದ್ದನ್ನು ನಿಮಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ರೋಗದ ಪರಿಚಯ

ಕೊಕ್ಕರೆ ರೋಗವನ್ನು ನೀವು ಕಂಡೇ ಇರುತ್ತೀರಿ. ಕೋಳಿ ಮಂಕಾಗಿ ಮೂಲೆ ಸೇರುತ್ತದೆ. ಮೇವು ಬಿಡುತ್ತದೆ. ಬಾಯಿ ತೆರೆದು ಗೊರಗೊರ ಉಸಿರಾಡುತ್ತದೆ. ಹಸಿರು ಬಣ್ಣದ ಭೇದಿಯಾಗುತ್ತದೆ. ರೆಕ್ಕೆ ಜೋಲುತ್ತದೆ, ಕಾಲು ಎಳೆಯುತ್ತದೆ, ಕುತ್ತಿಗೆ ತಿರುಚಿಕೊಳ್ಳುತ್ತದೆ. ಮೊಟ್ಟೆಯಿಡುವ ಹೇಂಟೆಯಾದರೆ ಮೊಟ್ಟೆ ನಿಲ್ಲುತ್ತದೆ, ಇಲ್ಲವೆ ತೊಗಲು ಮೊಟ್ಟೆ ಇಡುತ್ತದೆ. ರೋಗದ ತೀವ್ರ ರೂಪ ಲಸಿಕೆಯಿಲ್ಲದ ಹಿಂಡಿಗೆ ಹೊಕ್ಕರೆ ಹಿಂಡಿಗೆ ಹಿಂಡೇ ಸಾಯುವುದುಂಟು.

ಈ ರೋಗವನ್ನು ಮೊದಲು ಗುರುತಿಸಿದ್ದು 1926ರಲ್ಲಿ. ಆ ವರ್ಷ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಬಳಿಯೂ ಕೋಳಿಗಳು ಸತ್ತವು. ಮರುವರ್ಷ, 1927ರಲ್ಲಿ, ಹಿಮಾಲಯದ ತಪ್ಪಲಿನ ರಾಣಿಖೇತ್‌ನಲ್ಲಿ ಅದೇ ಬೇನೆ ಕಾಣಿಸಿತು. ಹೀಗಾಗಿ ಜಗತ್ತು ಇದನ್ನು ನ್ಯೂಕ್ಯಾಸಲ್ ರೋಗವೆಂದರೆ ನಮ್ಮ ದೇಶದಲ್ಲಿ ರಾಣಿಖೇತ್ ರೋಗವೆಂಬ ಹೆಸರು ನಿಂತಿತು. ಇದಕ್ಕೆ ಕಾರಣ ಒಂದು ವೈರಸ್. ವೈರಸ್ ರೋಗವಾದ್ದರಿಂದ ಇದನ್ನು ವಾಸಿಮಾಡುವ ಔಷಧಿಯಿಲ್ಲ. ಲಸಿಕೆಯೊಂದೇ ರಕ್ಷೆ. ಆದುದರಿಂದಲೇ "ಲಸಿಕೆ ಹಿಡಿದಿದೆಯೇ, ಇಲ್ಲವೇ?" ಎಂಬ ಪ್ರಶ್ನೆಗೆ ಇಷ್ಟು ಬೆಲೆ.

ಆಕಸ್ಮಿಕವಾಗಿ ಕಂಡ ಸತ್ಯ

ವೈರಸ್ ಬರಿಗಣ್ಣಿಗೆ ಕಾಣುವುದಿಲ್ಲ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಸಿಕ್ಕುವುದಿಲ್ಲ. ಕೋಳಿಯ ಕೆಂಪು ರಕ್ತಕಣದ ಉದ್ದ ಸುಮಾರು 12 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಕೊಕ್ಕರೆ ರೋಗದ ವೈರಸ್ಸಿನ ಅಗಲ ಸಾಮಾನ್ಯವಾಗಿ ಅರ್ಧ ಮೈಕ್ರಾನನ್ನೂ ಮೀರದು. ಇಂಥದನ್ನು ಕಣ್ಣಿಗೆ ಕಾಣುವಂತೆ ಮಾಡುವುದು ಹೇಗೆ?

ಉಪಾಯ ಸಿಕ್ಕಿದ್ದು 1941ರಲ್ಲಿ, ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. ಜಾರ್ಜ್ ಹರ್ಸ್ಟ್ ಎಂಬ ವಿಜ್ಞಾನಿ ಮನುಷ್ಯರಿಗೆ ಬರುವ ಇನ್‌ಫ್ಲುಯೆನ್ಜಾ ಜ್ವರದ ವೈರಸ್ಸನ್ನು ಕಾವಿಗಿಟ್ಟ ಕೋಳಿ ಮೊಟ್ಟೆಯೊಳಗೆ ಬೆಳೆಸುತ್ತಿದ್ದರು. ಮೊಟ್ಟೆಯ ಒಳದ್ರವವನ್ನು ಹೊರತೆಗೆಯುವಾಗ ಪಿಂಡದ ರಕ್ತನಾಳ ಹರಿದು ತುಸು ರಕ್ತ ಅದರಲ್ಲಿ ಬೆರೆಯಿತು. ಬೆರೆತ ರಕ್ತಕಣಗಳು ಬಿಡಿಬಿಡಿಯಾಗಿ ಉಳಿಯದೆ ಗುಂಪುಗುಂಪಾಗಿ ಅಂಟಿಕೊಂಡವು. ಬೇರೊಬ್ಬರಾದರೆ ಮೊಟ್ಟೆ ಕೆಟ್ಟಿತೆಂದು ಚೆಲ್ಲಿಬಿಡುತ್ತಿದ್ದರೇನೋ. ಹರ್ಸ್ಟ್ ಚೆಲ್ಲಲಿಲ್ಲ, ಅಂಟಿಸಿದ್ದು ವೈರಸ್ಸೇ ಎಂದು ತೋರಿಸಿಕೊಟ್ಟರು. ಅದೇ ವರ್ಷ ಕೆನಡಾದ ಟೊರಾಂಟೊ ನಗರದಲ್ಲಿ ಮೆಕ್‌ಲೆಲೆಂಡ್ ಮತ್ತು ಹೇರ್ ಎಂಬ ಇಬ್ಬರು ಪ್ರತ್ಯೇಕವಾಗಿ ಇದನ್ನೇ ಕಂಡರು. 1942ರಲ್ಲಿ ಆಸ್ಟ್ರೇಲಿಯದ ಬರ್ನೆಟ್ ಅವರು ನಮ್ಮ ಕೊಕ್ಕರೆ ರೋಗದ ವೈರಸ್ಸಿಗೂ ಇದೇ ಗುಣವಿದೆ ಎಂದು ತೋರಿಸಿದರು. ಅಂದಿನಿಂದ ಇಂದಿನವರೆಗೂ ಈ ಪರೀಕ್ಷೆ ಕೋಳಿ ರೋಗದ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿದೆ.

ರಕ್ತಕಣ ಅಂಟಿಕೊಳ್ಳುವುದು ಹೇಗೆ?

ಹೊಲದ ಬದುವಿನಲ್ಲಿ ಓಡಾಡಿ ಬಂದಾಗ ಪಂಚೆಯ ಅಂಚಿಗೆ ಉತ್ತರಾಣಿ ಕಾಯಿ ಅಂಟಿಕೊಂಡಿರುತ್ತದೆಯಲ್ಲವೆ? ಮೈತುಂಬ ಕೊಕ್ಕೆಯಿರುವ ಮುಳ್ಳುಕಾಯಿಯೊಂದು ಕುರಿಯ ಉಣ್ಣೆಗೆ ಸಿಕ್ಕಿದರೆ ಎರಡು ಎಳೆಗಳನ್ನು ಒಟ್ಟಿಗೆ ಹಿಡಿದು ಗಂಟುಹಾಕುತ್ತದೆ. ವೈರಸ್ಸಿನ ಕೆಲಸವೂ ಹೀಗೆಯೇ. ಅದರ ಮೈಮೇಲೆಲ್ಲ ಸಸಾರಜನಕದ ಮೊಳೆಗಳಿವೆ. ಕೆಂಪು ರಕ್ತಕಣದ ಹೊರಮೈಯಲ್ಲಿ ಸಯಾಲಿಕ್ ಆಮ್ಲವೆಂಬ ಒಂದು ಬಗೆಯ ಸಕ್ಕರೆಯ ತುದಿಗಳು ಚಾಚಿಕೊಂಡಿರುತ್ತವೆ. ಮೊಳೆ ಈ ತುದಿಯನ್ನು ಹಿಡಿಯುತ್ತದೆ. ಒಂದು ವೈರಸ್ಸಿನ ಒಂದು ಪಕ್ಕಕ್ಕೆ ಒಂದು ರಕ್ತಕಣ, ಇನ್ನೊಂದು ಪಕ್ಕಕ್ಕೆ ಮತ್ತೊಂದು. ಆ ಮತ್ತೊಂದಕ್ಕೆ ಬೇರೊಂದು ವೈರಸ್ಸು, ಅದಕ್ಕೆ ಇನ್ನೊಂದು ಕಣ. ಹೀಗೆ ಬಲೆ ಹೆಣೆದಂತೆ ಕಣಗಳೆಲ್ಲ ಕೂಡಿಕೊಳ್ಳುತ್ತವೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಗೊಡಬಾರದು. ಕೋಳಿ ಸಾಯುವುದು ರಕ್ತ ಹೆಪ್ಪುಗಟ್ಟಿಯಲ್ಲ, ರಕ್ತಕಣ ಅಂಟಿಕೊಂಡೂ ಅಲ್ಲ. ಅದೇ ಬಗೆಯ ಸಕ್ಕರೆಯ ತುದಿಗಳು ಕೋಳಿಯ ಉಸಿರುನಾಳದ, ಕರುಳಿನ ಜೀವಕೋಶಗಳ ಮೇಲೂ ಇವೆ. ವೈರಸ್ಸು ಅಲ್ಲಿ ಹಿಡಿದು ಒಳಹೊಕ್ಕು ಬೆಳೆಯುವುದರಿಂದ ರೋಗ ಬರುತ್ತದೆ. ರಕ್ತಕಣ ನಮಗೆ ಸಿಕ್ಕ ಸಾಕ್ಷಿ ಮಾತ್ರ.

ವೈರಸ್ಸಿನ ಅದೇ ಮೊಳೆಗೆ ಇನ್ನೊಂದು ಗುಣವೂ ಇದೆ. ಹಿಡಿದ ಸಕ್ಕರೆಯನ್ನು ನಿಧಾನವಾಗಿ ಕತ್ತರಿಸಿ ಹಿಡಿತ ಬಿಡಿಸಿಕೊಳ್ಳಬಲ್ಲದು. ಜೀವಕೋಶದಲ್ಲಿ ಹುಟ್ಟಿದ ಹೊಸ ವೈರಸ್ಸುಗಳು ಅಲ್ಲಿಯೇ ಅಂಟಿ ಕೂರದೆ ಮುಂದಕ್ಕೆ ಹರಡುವುದು ಈ ಗುಣದಿಂದ. ಪರೀಕ್ಷೆಯ ತಟ್ಟೆಯಲ್ಲಿಯೂ ಹೊತ್ತು ಮೀರಿದರೆ ಅಂಟಿದ ಕಣಗಳು ಬಿಟ್ಟುಕೊಂಡು ತಳ ಸೇರಿಬಿಡುತ್ತವೆ. ಆದ್ದರಿಂದ ಫಲಿತಾಂಶವನ್ನು ಹೇಳಿದ ಸಮಯಕ್ಕೆ ಸರಿಯಾಗಿ ನೋಡಬೇಕು.

ಮೊದಲ ಪರೀಕ್ಷೆ: ವೈರಸ್ ಎಷ್ಟಿದೆ?

ಪ್ರಯೋಗಶಾಲೆಯಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯೊಂದಿರುತ್ತದೆ. ಅದರಲ್ಲಿ 96 ಚಿಕ್ಕ ಕುಳಿಗಳು. ತಳ ಕೊಡತಿಯ ಮೊನೆಯಂತೆ ಚೂಪು. ಒಂದು ಸಾಲಿನ ಕುಳಿಗಳಿಗೆ ಹದವಾದ ಉಪ್ಪಿನ ದ್ರಾವಣ ಹಾಕಿ, ವೈರಸ್ಸಿರುವ ದ್ರವವನ್ನು ಮೊದಲ ಕುಳಿಗೆ ಸೇರಿಸುತ್ತಾರೆ. ಅಲ್ಲಿಂದ ಅರ್ಧವನ್ನು ಎರಡನೆಯದಕ್ಕೆ, ಅದರಿಂದ ಅರ್ಧವನ್ನು ಮೂರನೆಯದಕ್ಕೆ, ಹೀಗೆ 2, 4, 8, 16, 32, 64, 128 ಪಾಲಿಗೆ ತೆಳುಮಾಡುತ್ತ ಹೋಗುತ್ತಾರೆ. ಆಮೇಲೆ ಎಲ್ಲ ಕುಳಿಗಳಿಗೂ ತೊಳೆದ ಕೋಳಿ ರಕ್ತಕಣಗಳ ನೂರಕ್ಕೆ 1 ಪಾಲಿನ ದ್ರಾವಣವನ್ನು ಹಾಕಿ, ಅಲುಗಾಡಿಸದೆ ಸುಮಾರು 40 ನಿಮಿಷ ಬಿಡುತ್ತಾರೆ.

ವೈರಸ್ ಇಲ್ಲದ ಕುಳಿಯಲ್ಲಿ ರಕ್ತಕಣಗಳು ಬಿಡಿಬಿಡಿಯಾಗಿ ಜಾರಿ, ಮೊನೆಯಲ್ಲಿ ಕೂಡಿ, ಕುಂಕುಮದ ಬೊಟ್ಟಿನಂತೆ ಕಾಣುತ್ತವೆ. ತಟ್ಟೆಯನ್ನು ಓರೆಮಾಡಿದರೆ ಆ ಬೊಟ್ಟು ಕಣ್ಣೀರಿನ ಹನಿಯಂತೆ ಇಳಿಯುತ್ತದೆ. ವೈರಸ್ ಇರುವ ಕುಳಿಯಲ್ಲಿ ಬಲೆಗೆ ಸಿಕ್ಕ ಕಣಗಳು ಕೆಳಗೆ ಜಾರಲಾರವು. ಕುಳಿಯ ತುಂಬ ತೆಳ್ಳನೆಯ ಹಾಸಾಗಿ ಹರಡಿಕೊಳ್ಳುತ್ತವೆ. ಹರಡಿದ ಕೊನೆಯ ಕುಳಿ 128ರದ್ದಾದರೆ ಆ ದ್ರವದ ಬಲ 128 ಎಂದು ಬರೆದುಕೊಳ್ಳುತ್ತಾರೆ. ಆ ಕುಳಿಯಲ್ಲಿದ್ದಷ್ಟು ವೈರಸ್ಸಿಗೆ ಒಂದು ಮಾನ ಎಂದು ಹೆಸರು. ವರದಿಗಳಲ್ಲಿ ಇದನ್ನು ಎಚ್.ಎ. ಪರೀಕ್ಷೆ ಎನ್ನುತ್ತಾರೆ.

ಇಷ್ಟರಿಂದಲೇ "ಇದು ಕೊಕ್ಕರೆ ರೋಗ" ಎಂದು ಹೇಳಲು ಬರುವುದಿಲ್ಲ. ಕೋಳಿಯ ರಕ್ತಕಣವನ್ನು ಅಂಟಿಸುವ ವೈರಸ್ಸುಗಳು ಬೇರೆಯೂ ಇವೆ. ಹಕ್ಕಿಜ್ವರದ ವೈರಸ್ಸು ಅವುಗಳಲ್ಲೊಂದು. ಪತ್ರಿಕೆಗಳಲ್ಲಿ ಓದುವ 'ಎಚ್5ಎನ್1' ಎಂಬ ಹೆಸರಿನಲ್ಲಿರುವ 'ಎಚ್' ಅಕ್ಷರವು ರಕ್ತಕಣ ಅಂಟಿಸುವ ಈ ಮೊಳೆಯನ್ನೇ ಸೂಚಿಸುತ್ತದೆ. ಹಾಗಾದರೆ ಯಾವ ವೈರಸ್ ಎಂದು ತಿಳಿಯುವುದು ಹೇಗೆ? ಅದಕ್ಕೆ ಎರಡನೆಯ ಪರೀಕ್ಷೆ ಬೇಕು.

ಎರಡನೆಯ ಪರೀಕ್ಷೆ: ಕೋಳಿಗೆ ರಕ್ಷೆಯಿದೆಯೇ?

ಲಸಿಕೆ ಹಾಕಿದಾಗಲಿ, ರೋಗ ಬಂದು ಬದುಕಿದಾಗಲಿ ಕೋಳಿಯ ರಕ್ತದಲ್ಲಿ ಆ ವೈರಸ್ಸಿಗೇ ತಕ್ಕ ಪ್ರತಿಕಾಯಗಳು ಹುಟ್ಟುತ್ತವೆ. ಅವು ವೈರಸ್ಸಿನ ಮೊಳೆಗಳಿಗೆ ಟೊಪ್ಪಿಗೆಯಂತೆ ಕೂತುಬಿಡುತ್ತವೆ. ಟೊಪ್ಪಿಗೆ ಬಿದ್ದ ಮೊಳೆ ರಕ್ತಕಣವನ್ನು ಹಿಡಿಯಲಾರದು. ಪರೀಕ್ಷೆಯ ಗುಟ್ಟೆಲ್ಲ ಇಷ್ಟೇ.

ಕೋಳಿಯ ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟರೆ ಮೇಲೆ ತಿಳಿಯಾಗಿ ನಿಲ್ಲುವ ನೀರೇ ರಕ್ತಸಾರ. ಅದನ್ನು ಹಿಂದಿನಂತೆಯೇ ಕುಳಿಗಳಲ್ಲಿ ಇಮ್ಮಡಿ ಇಮ್ಮಡಿಯಾಗಿ ತೆಳುಮಾಡುತ್ತಾರೆ. ಪ್ರತಿ ಕುಳಿಗೂ ಸರಿಯಾಗಿ 4 ಮಾನ ವೈರಸ್ಸನ್ನು ಸೇರಿಸುತ್ತಾರೆ. ವೈರಸ್ಸಿನ ಬಲ 128 ಇದ್ದರೆ ಅದನ್ನು 32 ಪಾಲಿಗೆ ತೆಳುಮಾಡಿದಾಗ ಈ 4 ಮಾನ ಸಿಗುತ್ತದೆ. ಅರ್ಧ ಗಂಟೆ ಬಿಟ್ಟು ರಕ್ತಕಣ ಹಾಕಿ ಮತ್ತೆ 40 ನಿಮಿಷ ಕಾಯುತ್ತಾರೆ.

ಈಗ ಓದುವ ಕ್ರಮ ತಿರುವುಮುರುವು. ಬೊಟ್ಟು ಬಿದ್ದರೆ ಪ್ರತಿಕಾಯ ಗೆದ್ದಿತು. ಹಾಸು ಹರಡಿದರೆ ವೈರಸ್ ಗೆದ್ದಿತು. 64 ಪಾಲಿಗೆ ತೆಳುಮಾಡಿದ ರಕ್ತಸಾರವೂ ಬೊಟ್ಟು ತರಿಸಿದರೆ ಆ ಕೋಳಿಯ ಅಂಕ 64. ಸಾಮಾನ್ಯವಾಗಿ 16 ಮತ್ತು ಅದಕ್ಕಿಂತ ಮೇಲಿದ್ದರೆ ಪ್ರತಿಕಾಯ ಇದೆಯೆಂದು ಎಣಿಸುವ ರೂಢಿ. ಕೆಲವು ವರದಿಗಳಲ್ಲಿ ಇದನ್ನೇ ಎರಡರ ಘಾತವಾಗಿ ಬರೆಯುತ್ತಾರೆ: 16 ಇದ್ದಲ್ಲಿ 4, 64 ಇದ್ದಲ್ಲಿ 6, 256 ಇದ್ದಲ್ಲಿ 8. ವರದಿಯಲ್ಲಿ 6 ಎಂದು ಕಂಡು ಗಾಬರಿಯಾಗಬೇಡಿ. ಯಾವ ರೀತಿ ಬರೆದಿದ್ದಾರೆಂದು ಕೇಳಿ ತಿಳಿಯಿರಿ. ಇದಕ್ಕೆ ಎಚ್.ಐ. ಪರೀಕ್ಷೆ ಎಂದು ಹೆಸರು. ಸತ್ತ ಕೋಳಿಯಿಂದ ಬೆಳೆಸಿದ ವೈರಸ್ ಯಾವುದೆಂದು ತಿಳಿಯಬೇಕಾದಾಗ, ಗೊತ್ತಿರುವ ರಕ್ತಸಾರವನ್ನು ಬಳಸಿ ಇದೇ ಪರೀಕ್ಷೆಯನ್ನು ಮಾಡುತ್ತಾರೆ. ಕೊಕ್ಕರೆ ರೋಗದ ರಕ್ತಸಾರ ಅದನ್ನು ತಡೆದರೆ ಅದು ಕೊಕ್ಕರೆ ರೋಗದ ವೈರಸ್ಸು.

ಅಂಕಗಳನ್ನು ಅರ್ಥಮಾಡಿಕೊಳ್ಳುವ ಬಗೆ

ಒಂದು ಕೋಳಿಯ ಅಂಕಕ್ಕಿಂತ ಹಿಂಡಿನ ಅಂಕಗಳನ್ನು ಒಟ್ಟಿಗೆ ನೋಡುವುದು ಮುಖ್ಯ. ಲಸಿಕೆ ಹಾಕಿದ 2-3 ವಾರಗಳ ಮೇಲೆ 10 ಕೋಳಿಗಳ ರಕ್ತ ಪರೀಕ್ಷೆ ಮಾಡಿಸಿದಿರಿ ಎನ್ನೋಣ.

1. ಒಂಬತ್ತು ಕೋಳಿಗಳ ಅಂಕ 32ರಿಂದ 128ರೊಳಗೆ, ಒಂದರದ್ದು ಮಾತ್ರ 8. ಲಸಿಕೆ ಚೆನ್ನಾಗಿ ಹಿಡಿದಿದೆ.

2. ಐದು ಕೋಳಿಗಳದ್ದು 64ರ ಮೇಲೆ, ಉಳಿದ ಐದರದ್ದು 4ರ ಕೆಳಗೆ. ಲಸಿಕೆ ಒಳ್ಳೆಯದೇ, ಅರ್ಧ ಕೋಳಿಗಳಿಗೆ ತಲುಪಿಲ್ಲ. ಹನಿ ಕಣ್ಣಿನಿಂದ ಹೊರಗೆ ಬಿದ್ದಿರಬಹುದು, ಅಥವಾ ಕುಡಿಯುವ ನೀರಿನಲ್ಲಿ ಕೊಟ್ಟಾಗ ಬಲವಾದ ಕೋಳಿಗಳು ಕುಡಿದು ಮೆತ್ತನೆಯವು ಹಿಂದುಳಿದಿರಬಹುದು.

3. ಹತ್ತಕ್ಕೆ ಹತ್ತೂ 8ರ ಕೆಳಗೆ. ಸೀಸೆಯಲ್ಲಿದ್ದ ಲಸಿಕೆ ಬಿಸಿಲಿಗೋ ಹಳತಾಗಿಯೋ ಸತ್ತಿರಬೇಕು, ಇಲ್ಲವೆ ಕಾಲ ತಪ್ಪಿ ಹಾಕಿರಬೇಕು. ಮತ್ತೆ ಹಾಕಿಸಬೇಕೇ ಎಂದು ಪಶುವೈದ್ಯರನ್ನು ಕೂಡಲೆ ಕೇಳಬೇಕು.

4. ಲಸಿಕೆಯನ್ನೇ ಹಾಕದ ಹಿಂಡಿನಲ್ಲಿ ಮೊದಲು 4 ಇದ್ದ ಅಂಕ ಮೂರು ವಾರದಲ್ಲಿ 256ಕ್ಕೆ ಏರಿದೆ. ಹಿಂಡಿಗೆ ರೋಗದ ವೈರಸ್ ಹೊಕ್ಕಿದೆ.

'ಕಾಲ ತಪ್ಪಿ' ಎಂದೆನಲ್ಲ, ಅದನ್ನು ವಿವರಿಸಬೇಕು. ಲಸಿಕೆ ಪಡೆದ ತಾಯಿ ತನ್ನ ಪ್ರತಿಕಾಯವನ್ನು ಮೊಟ್ಟೆಯ ಭಂಡಾರದ ಮೂಲಕ ಮರಿಗೆ ಕೊಟ್ಟಿರುತ್ತದೆ. ಈ ಬಳುವಳಿ ಸುಮಾರು ನಾಲ್ಕೂವರೆ ದಿನಕ್ಕೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಹುಟ್ಟಿದ ದಿನ 64 ಇದ್ದರೆ 9ನೆಯ ದಿನಕ್ಕೆ 16, 18ನೆಯ ದಿನಕ್ಕೆ 4. ಬಳುವಳಿ ಹೆಚ್ಚಿರುವಾಗ ಹಾಕಿದ ಲಸಿಕೆಯ ವೈರಸ್ಸನ್ನು ಅದು ಬಹುಮಟ್ಟಿಗೆ ನುಂಗಿಹಾಕುತ್ತದೆ. ಕಡಮೆಯಾದ ಮೇಲೂ ಸುಮ್ಮನಿದ್ದರೆ ಮರಿಗೆ ಯಾವ ರಕ್ಷೆಯೂ ಇರದು. ಇದರಿಂದಲೇ ಮೊದಲ ಲಸಿಕೆಯನ್ನು 5-7ನೆಯ ದಿನ ಕಣ್ಣು ಮೂಗಿಗೆ ಹನಿಯಾಗಿ ಕೊಡುತ್ತಾರೆ. ಅಲ್ಲಿ ಅದು ಆ ಜಾಗದಲ್ಲೇ ಕಾವಲು ಹುಟ್ಟಿಸಬಲ್ಲದು. ಆದರೆ ಆ ಒಂದೇ ಲಸಿಕೆ ಸಾಲದು. ಸುಮಾರು ನಾಲ್ಕನೆಯ ವಾರದಲ್ಲಿ ಲಸೋಟ, 6-8 ವಾರ ತುಂಬಿದ ಮೇಲೆ ಆರ್2ಬಿ ಚುಚ್ಚುಮದ್ದು ಹಾಕಿಸುವುದು ವಾಡಿಕೆ. ನಿಮ್ಮ ಊರಿನ ಪಶುವೈದ್ಯರು ಹೇಳುವ ವೇಳಾಪಟ್ಟಿಯನ್ನು ಅನುಸರಿಸಿ.

ಆ ತಾಯಿಯ ಪ್ರಶ್ನೆಗೆ ಉತ್ತರ

ಉಳಿದ ಮೂರು ಕೋಳಿಗಳ ರಕ್ತ ತೆಗೆಸೋಣವೇ ಎಂದು ಮಿತ್ರರನ್ನು ಕೇಳಿದೆ. "ಈಗ ತೆಗೆದು ಪ್ರಯೋಜನವಿಲ್ಲ" ಎಂದರು. ರೋಗವನ್ನು ಎದುರಿಸಿ ಬದುಕಿದ ಕೋಳಿಯಲ್ಲಿ ಅಂಕ ಹೇಗೂ ಏರಿರುತ್ತದೆ. ಅದು ಲಸಿಕೆಯಿಂದ ಬಂದದ್ದೋ ರೋಗದಿಂದ ಬಂದದ್ದೋ ಈ ಪರೀಕ್ಷೆ ಬಿಡಿಸಿ ಹೇಳಲಾರದು. ಸತ್ತವು ಮಣ್ಣು ಸೇರಿವೆ. ಮನೆ ಸುಟ್ಟ ಮೇಲೆ ಬಾವಿಯ ಆಳ ಅಳೆದಂತೆ.

ಮುಂದಿನ ಸಲ ಆ ಹಳ್ಳಿಗೆ ಹೋದಾಗ ಲಸಿಕೆ ಬಂದ ದಾರಿಯನ್ನು ವಿಚಾರಿಸಿದೆ. ಬೆಳಿಗ್ಗೆ ಪೇಟೆಯಲ್ಲಿ ಸೀಸೆ ಕೊಂಡು, ಬಟ್ಟೆಯ ಚೀಲದಲ್ಲಿಟ್ಟು, ಬೇರೆ ಕೆಲಸ ಮುಗಿಸಿ, ಮಧ್ಯಾಹ್ನದ ಬಸ್ಸಿನಲ್ಲಿ ತಂದಿದ್ದರು. ಕೋಳಿಗಳು ಗೂಡು ಸೇರಿದ ಮೇಲೆ ಸಂಜೆ ಹಾಕಿದ್ದರು. 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕಾದ ಜೀವಂತ ಲಸಿಕೆ ಬೇಸಿಗೆಯ ಚೀಲದಲ್ಲಿ ಹಗಲೆಲ್ಲ ಕಳೆದಿತ್ತು. ಅದೇ ಕಾರಣವೆಂದು ನಾನು ಆಣೆಮಾಡಿ ಹೇಳಲಾರೆ. ಆದರೆ ಲಸಿಕೆ ಹಾಕಿದ ಮೂರು ವಾರಕ್ಕೆ ನಾಲ್ಕಾರು ಕೋಳಿಗಳ ರಕ್ತ ಪರೀಕ್ಷೆಯಾಗಿದ್ದರೆ ಹತ್ತೂ ಕುಳಿಯಲ್ಲಿ ಹಾಸು ಹರಡಿದ್ದು ಕಾಣುತ್ತಿತ್ತು, ಮತ್ತೆ ಹಾಕಿಸಲು ಸಮಯ ಸಿಗುತ್ತಿತ್ತು. ಅಥವಾ ಬೊಟ್ಟು ಬಿದ್ದಿದ್ದರೆ ಸಾವಿಗೆ ಬೇರೆ ಕಾರಣ ಹುಡುಕಬಹುದಿತ್ತು. ಎರಡರಲ್ಲಿ ಯಾವುದಾದರೂ ಲಾಭವೇ. ಪರೀಕ್ಷೆ ಮಾಡಿಸಬೇಕಾದ್ದು ಕೋಳಿಗಳು ಗಟ್ಟಿಮುಟ್ಟಾಗಿರುವಾಗ.

ನೀವು ಮಾಡಬೇಕಾದ್ದು

* ಲಸಿಕೆ ತರಲು ಹೋಗುವಾಗ ಬಾಯಿ ಅಗಲದ ಥರ್ಮಾಸ್ ಫ್ಲಾಸ್ಕಿನಲ್ಲಿ ಮಂಜುಗಡ್ಡೆ ಒಯ್ಯಿರಿ. ಸೀಸೆಯ ಮೇಲಿನ ಅವಧಿಯ ದಿನಾಂಕ ಓದಿ ಕೊಳ್ಳಿರಿ.

* ಒಂದು ಸೀಸೆಯಲ್ಲಿ 100 ಅಥವಾ ಹೆಚ್ಚು ಕೋಳಿಗಳಿಗೆ ಆಗುವಷ್ಟು ಲಸಿಕೆಯಿರುತ್ತದೆ. ನೆರೆಹೊರೆಯವರು ಸೇರಿ ಒಂದೇ ದಿನ ಹಾಕಿಸಿದರೆ ಖರ್ಚು ಹಂಚಿಹೋಗುತ್ತದೆ, ಕೇರಿಗೆಲ್ಲ ಒಟ್ಟಿಗೆ ರಕ್ಷೆ ಸಿಗುತ್ತದೆ.

* ತಂಪಾದ ದ್ರಾವಣದಲ್ಲಿ ಕಲಸಿದ ಲಸಿಕೆಯನ್ನು ನೆರಳಿನಲ್ಲಿಟ್ಟು 2 ಗಂಟೆಯೊಳಗೆ ಮುಗಿಸಿರಿ. ಉಳಿದದ್ದನ್ನು ನಾಳೆಗೆ ಇಡಬೇಡಿ. ಕುಡಿಯುವ ನೀರಿನಲ್ಲಿ ಕೊಡುವುದಾದರೆ ಕ್ಲೋರಿನ್ ಬೆರೆತ ನಲ್ಲಿ ನೀರು ಬೇಡ.

* ಕಾಯಿಲೆ ಬಿದ್ದ ಕೋಳಿಗೆ ಲಸಿಕೆ ಹಾಕಬೇಡಿ. ಲಸಿಕೆಗೆ ಒಂದು ವಾರ ಮುಂಚೆ ಜಂತುಹುಳುವಿನ ಔಷಧಿ ಕೊಡಿಸಿರಿ.

* ರಕ್ತವನ್ನು ರೆಕ್ಕೆಯ ನಾಳದಿಂದ ಪಶುವೈದ್ಯರಿಂದಲೇ ತೆಗೆಸಿರಿ. ನಳಿಕೆಯನ್ನು ಓರೆಯಾಗಿಟ್ಟು ಹೆಪ್ಪುಗಟ್ಟಲು ಬಿಡಬೇಕು. ಕುಲುಕಬಾರದು, ಕುಲುಕಿದರೆ ಕಣ ಒಡೆದು ರಕ್ತಸಾರ ಕೆಂಪಾಗಿ ಪರೀಕ್ಷೆಗೆ ಬಾರದು. ಯಾವ ಕೋಳಿ, ಎಷ್ಟು ವಯಸ್ಸು, ಯಾವ ದಿನ ಯಾವ ಲಸಿಕೆ ಎಂದು ಚೀಟಿ ಬರೆದಿಡಿ. ಚೀಟಿಯಿಲ್ಲದ ಅಂಕಕ್ಕೆ ಅರ್ಥವಿಲ್ಲ.

* ನಾಟಿ ಕೋಳಿ ಸಾಕುವವರು ಊರಿಗೊಂದು ಗುಂಪಾಗಿ ಹತ್ತಿರದ ಪಶು ಆಸ್ಪತ್ರೆಯ ಮೂಲಕ ಮಾದರಿ ಕಳಿಸಬಹುದು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕಗಳ ಸಂಸ್ಥೆಯಲ್ಲಿ ಲಸಿಕೆ ತಯಾರಿಕೆಯೂ ರೋಗ ಪತ್ತೆಯೂ ನಡೆಯುತ್ತವೆ.

* ಇದ್ದಕ್ಕಿದ್ದಂತೆ ಬಹಳ ಕೋಳಿಗಳು ಸತ್ತರೆ ಕೊಕ್ಕರೆ ರೋಗವೆಂದು ನೀವೇ ತೀರ್ಮಾನಿಸಬೇಡಿ. ಹಕ್ಕಿಜ್ವರವೂ ಹೀಗೆಯೇ ಕಾಣಬಹುದು. ಅದು 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿಯೂ 2012ರಲ್ಲಿ ನಮ್ಮ ಹೆಸರಘಟ್ಟದಲ್ಲಿಯೂ ಕಾಣಿಸಿಕೊಂಡಿತ್ತು. ಸತ್ತ ಕೋಳಿಯನ್ನು ಕೊಯ್ಯಬೇಡಿ, ಮಾರಬೇಡಿ, ಹಳ್ಳಕ್ಕೆ ಎಸೆಯಬೇಡಿ, ಬಸ್ಸಿನಲ್ಲಿ ಒಯ್ಯಬೇಡಿ. ಪಶುವೈದ್ಯಾಧಿಕಾರಿಗೆ ಮೊದಲು ಸುದ್ದಿ ಮುಟ್ಟಿಸಿರಿ.

ಬಿತ್ತುವ ಮೊದಲು ಮಣ್ಣಿನ ಪರೀಕ್ಷೆ ಮಾಡಿಸಿ ಎಂದು ನಾವು ವರ್ಷಗಳಿಂದ ಹೇಳುತ್ತ ಬಂದಿದ್ದೇವೆ, ನೀವೂ ಮಾಡಿಸುತ್ತಿದ್ದೀರಿ. ಲಸಿಕೆಯ ಫಲವನ್ನು ಪರೀಕ್ಷಿಸುವುದೂ ಅದೇ ಜಾತಿಯ ಜಾಣತನ. ಆ ತಾಯಿ ಉಳಿದ ಮೂರು ಕೋಳಿಗಳಿಂದಲೇ ಮತ್ತೆ ಕಾವು ಕೂರಿಸಿದ್ದಾರೆ. ಈ ಬಾರಿ ಮರಿಗಳಿಗೆ ಲಸಿಕೆ ತರಲು ಮಗನ ಕೈಗೆ ಫ್ಲಾಸ್ಕು ಕೊಟ್ಟು ಕಳಿಸಿದರು. ಮೂರು ವಾರ ಕಳೆದ ಮೇಲೆ ರಕ್ತ ತೆಗೆಸುತ್ತೇನೆಂದು ತಾವೇ ದಿನ ಎಣಿಸುತ್ತಿದ್ದಾರೆ.